ಟಿಕೀಟಿಲ್ಲದ ಪ್ರಯಾಣಿಕ

ಟಿಕೀಟಿಲ್ಲದೆ ಪ್ರಯಾಣ ಮಾಡುವುದು ಅಪರಾಧವೆಂಬ ಎಚ್ಚರಿಕೆಯ ಮಾತು ಬಸ್ಸಿನಲ್ಲಿ ಓಡಾಡುವವರಿಗೆಲ್ಲ ಪರಿಚಿತವಾದದ್ದು. ಟಿಕೀಟಿಲ್ಲದ ಪ್ರಯಾಣಿಕನೆಂದರೆ ಸಂಸ್ಥೆಗೆ ಸಲ್ಲಬೇಕಾದ ಹಣವನ್ನು ಸಲ್ಲಿಸದೆ ಕುಳಿತವನು ಎಂಬ ಒಂದೇ ಅರ್ಥ ಅದರಿಂದ ಮನಸ್ಸಿಗೆ ಹೊಳೆಯುವುದು ಸಹಜ. ಆದರೆ ಟಿಕೀಟಿಲ್ಲದವರಲ್ಲಿ ಇನ್ನೊಂದು ವರ್ಗವುಂಟು. ಹೋಗಬೇಕಾದ ಕೆಲಸವಿದೆ, ಕೊಡಲು ಕೈಯಲ್ಲಿ ಹಣವಿದೆ, ರಸ್ತೆಯ ಬದಿಗೆ ಬಂದು ನಿಂತದ್ದೂ ಆಗಿದೆ; ಬಸ್ಸು ಮಾತ್ರ ಇಲ್ಲ. ಅಂಥವನು ಸ್ವಲ್ಪ ಹೊತ್ತು ಕಾದು ಮನೆಗೆ ಹಿಂದಿರುಗುತ್ತಾನೆ. ಅವನಿಗಾಗಿ ಟಿಕೀಟು ಹರಿಯಲಿಲ್ಲ. ಯಾವ ಲೆಕ್ಕದ ಪುಸ್ತಕದಲ್ಲಿಯೂ ಅವನ ಗುರುತು ಉಳಿಯಲಿಲ್ಲ. ಮೊದಲನೆಯವನು ಸಂಸ್ಥೆಗೆ ಸಾಲಗಾರ. ಎರಡನೆಯವನಿಗೆ ಯಾರು ಸಾಲಗಾರರು?

ಈ ಪ್ರಶ್ನೆ ಹೊಸದಲ್ಲ. ಆದರೆ ಬಸ್ಸುಗಳ ವೇಳಾಪಟ್ಟಿಯನ್ನೂ ಚಾಲಕ ನಿರ್ವಾಹಕರ ಸರದಿಯನ್ನೂ ಯಾವ ಊರಿಗೆ ಎಷ್ಟು ಸಲ ಬಸ್ಸು ಹೋಗಬೇಕೆಂಬ ನಿರ್ಣಯವನ್ನೂ ಗಣಕಯಂತ್ರದ ತಂತ್ರಾಂಶಕ್ಕೆ ಒಪ್ಪಿಸುವ ಕಾಲ ಬಂದಿರುವುದರಿಂದ ಇದು ಹೊಸ ತೂಕವನ್ನು ಪಡೆದಿದೆ. ತಂತ್ರಾಂಶವನ್ನು ಯೋಜಿಸಿ ಕಟ್ಟುವುದು ಎಂಜಿನಿಯರರ ಕೆಲಸ, ಅದರಲ್ಲಿ ಧರ್ಮಾಧರ್ಮಗಳ ವಿಚಾರಕ್ಕೆ ಎಡೆಯೆಲ್ಲಿ ಎಂದು ಕೇಳುವವರಿದ್ದಾರೆ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಎಂಬ ನಾಲ್ಕು ತಾಲೂಕುಗಳ ಸೀಮೆಯನ್ನು ಕಣ್ಣೆದುರಿಗಿಟ್ಟುಕೊಂಡು ವಿಚಾರಮಾಡಿದರೆ ಆ ಎಡೆ ಎಲ್ಲಿದೆಯೆಂಬುದು ಸ್ಪಷ್ಟವಾಗಬಹುದು.

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಈ ಸೀಮೆ ಒಂದೇ ಬಗೆಯದಲ್ಲ. ಹಳಿಯಾಳ ಮುಂಡಗೋಡಗಳು ಮಲೆನಾಡು ಬಯಲುಸೀಮೆಯನ್ನು ಮುಟ್ಟುವ ಅಂಚು; ಅಲ್ಲಿಯ ರೈತನಿಗೆ ಧಾರವಾಡ ಹುಬ್ಬಳ್ಳಿಗಳ ಪೇಟೆ ಹತ್ತಿರ, ಜಿಲ್ಲೆಯ ಮುಖ್ಯಸ್ಥಳವಾದ ಕಾರವಾರ ದೂರ. ದಾಂಡೇಲಿ ಕಾಳೀನದಿಯ ದಂಡೆಯ ಮೇಲಿರುವ ಕೈಗಾರಿಕೆಯ ಪಟ್ಟಣ. ೧೯೫೦ರ ದಶಕದಲ್ಲಿ ಅಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯ ಪಾಳಿಗಳು ಊರಿನ ದಿನಚರಿಯನ್ನು ತಿದ್ದಿವೆ. ಜೋಯಿಡಾ ವಿಸ್ತಾರದಲ್ಲಿ ರಾಜ್ಯದ ದೊಡ್ಡ ತಾಲೂಕುಗಳಲ್ಲೊಂದು, ಜನಸಾಂದ್ರತೆಯಲ್ಲಿ ಅತ್ಯಂತ ವಿರಳವಾದವುಗಳಲ್ಲೊಂದು. ಅದರ ಹಿಂದಿನ ಮುಖ್ಯಸ್ಥಳವಾದ ಸೂಪಾ ಕಾಳೀನದಿಗೆ ಕಟ್ಟಿದ ಅಣೆಕಟ್ಟಿನ ನೀರಿನಲ್ಲಿ ಮುಳುಗಿಹೋಯಿತು. ಕಾಡಿನ ನಡುವೆ ಅಲ್ಲೊಂದು ಇಲ್ಲೊಂದು ಎಂಬಂತೆ ಗೆಡ್ಡೆಗೆಣಸು ಬೆಳೆಯುವ ಕುಣಬಿಗರ ಕೇರಿಗಳು, ದನಕರುಗಳನ್ನು ನಂಬಿ ಬದುಕುವ ಗೌಳಿಗರ ವಾಡೆಗಳು, ಎಷ್ಟೋ ತಲೆಮಾರುಗಳ ಹಿಂದೆ ಆಫ್ರಿಕದಿಂದ ಬಂದವರ ಸಂತತಿಯಾದ ಸಿದ್ದಿಯರ ವಸತಿಗಳು ಹರಡಿಕೊಂಡಿವೆ. ಮುಂಡಗೋಡದ ಬಳಿ ೧೯೬೬ರಲ್ಲಿ ನೆಲೆಗೊಂಡ ಟಿಬೆಟಿಯನ್ನರ ದೊಡ್ಡ ವಸತಿಯಿದೆ. ಇಷ್ಟು ಬಗೆಯ ಜನರೂ ಕಾದು ನಿಲ್ಲುವುದು ಒಂದೇ ಬಸ್ಸಿಗಾಗಿ.

ಆ ಬಸ್ಸನ್ನು ಓಡಿಸುವ ಸಂಸ್ಥೆಯ ಧರ್ಮವೇನೆಂಬುದನ್ನು ಕಾಯಿದೆಯೇ ಹೇಳಿದೆ. ೧೯೫೬ರವರೆಗೆ ಈ ಜಿಲ್ಲೆ ಮುಂಬಯಿ ರಾಜ್ಯಕ್ಕೆ ಸೇರಿತ್ತು. ಅನಂತರ ಮೈಸೂರು ರಾಜ್ಯದ ಸಾರಿಗೆಯ ಆಶ್ರಯಕ್ಕೆ ಬಂದಿತು. ೧೯೯೭ರ ನವೆಂಬರ್ ೧ ರಿಂದ ಹುಬ್ಬಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ವ್ಯಾಪ್ತಿಯಲ್ಲಿದೆ. ಇಂಥ ಸಂಸ್ಥೆಗಳಿಗೆಲ್ಲ ಆಧಾರವಾದದ್ದು ೧೯೫೦ರ ರಸ್ತೆ ಸಾರಿಗೆ ನಿಗಮಗಳ ಕಾಯಿದೆ. ಅದರ ೧೮ನೆಯ ಕಲಮು, ದಕ್ಷವೂ ಸಾಕಷ್ಟೂ ಮಿತವ್ಯಯದ್ದೂ ಸುಸಂಬದ್ಧವೂ ಆದ ಸಾರಿಗೆಯನ್ನು ಕ್ರಮಕ್ರಮವಾಗಿ ಒದಗಿಸುವುದು ನಿಗಮದ ಸಾಮಾನ್ಯ ಕರ್ತವ್ಯವೆಂದು ವಿಧಿಸುತ್ತದೆ. ೨೨ನೆಯ ಕಲಮು, ನಿಗಮವು ವ್ಯಾಪಾರದ ತತ್ತ್ವಗಳನ್ನು ಅನುಸರಿಸಿ ನಡೆಯಬೇಕೆಂದು ವಿಧಿಸುತ್ತದೆ. ಸಾಕಷ್ಟು ಬಸ್ಸುಗಳನ್ನು ಓಡಿಸು ಎಂಬುದು ಒಂದು ಅಪ್ಪಣೆ. ನಷ್ಟಕ್ಕೆ ಬೀಳದಂತೆ ಓಡಿಸು ಎಂಬುದು ಇನ್ನೊಂದು. ದೊಡ್ಡ ಪಟ್ಟಣಗಳ ನಡುವೆ ಈ ಎರಡು ಅಪ್ಪಣೆಗಳೂ ಜೊತೆಯಾಗಿ ನಡೆಯುತ್ತವೆ. ಜೋಯಿಡಾದ ಕಾಡುರಸ್ತೆಯಲ್ಲಿ ಅವು ಬೇರೆಯಾಗುತ್ತವೆ. ಬೇರೆಯಾದಲ್ಲಿ ಯಾವುದರ ಕೈ ಮೇಲಾಗಬೇಕು ಎಂಬುದೇ ಇಲ್ಲಿಯ ವಿಚಾರ.

ಹಿಂದೆ ಈ ಸಂದಿಗ್ಧವನ್ನು ಬಗೆಹರಿಸುತ್ತಿದ್ದದ್ದು ಮನುಷ್ಯನ ಅನುಭವ. ಘಟಕದ ಅಧಿಕಾರಿ ನಿರ್ವಾಹಕರ ಲೆಕ್ಕಗಳನ್ನು ನೋಡುತ್ತಿದ್ದನು, ಊರವರ ಅರ್ಜಿಗಳನ್ನು ಓದುತ್ತಿದ್ದನು, ಕೆಲವು ಸಲ ಅವರ ಕೋಪಕ್ಕೂ ಗುರಿಯಾಗುತ್ತಿದ್ದನು. ಆ ಅನುಭವದಿಂದ ಹುಟ್ಟಿದ ಒಳ್ಳೆಯ ವ್ಯವಸ್ಥೆಗಳಲ್ಲೊಂದು ವಸ್ತಿ ಬಸ್ಸು. ಸಂಜೆ ಪೇಟೆಯಿಂದ ಹೊರಟು ಕೊನೆಯ ಹಳ್ಳಿಯನ್ನು ಮುಟ್ಟಿ, ರಾತ್ರಿ ಅಲ್ಲಿಯೇ ತಂಗಿ, ಬೆಳಗಾಗುತ್ತಲೇ ಹಳ್ಳಿಯವರನ್ನು ಹತ್ತಿಸಿಕೊಂಡು ಪೇಟೆಗೆ ಮರಳುವ ಬಸ್ಸು ಅದು. ಲೆಕ್ಕದ ದೃಷ್ಟಿಯಿಂದ ಅದು ರಾತ್ರಿಯೆಲ್ಲ ದುಡಿಯದೆ ನಿಂತ ವಾಹನ. ಹಳ್ಳಿಯ ದೃಷ್ಟಿಯಿಂದ ಅದು ಬೆಳಗಿನ ಜಾವದಲ್ಲಿ ಜ್ವರ ಏರಿದ ಮಗುವಿಗೆ ಆಸ್ಪತ್ರೆಯ ದಾರಿ, ಕಾಲೇಜಿಗೆ ಹೋಗುವ ಹುಡುಗಿಗೆ ಮೊದಲನೆಯ ತರಗತಿ. ಅನುಭವದ ವ್ಯವಸ್ಥೆಯಲ್ಲಿ ದೋಷವಿರಲಿಲ್ಲವೆಂದಲ್ಲ. ಗಟ್ಟಿಯಾಗಿ ಕೂಗಿದ ಊರಿಗೆ ಬಸ್ಸು ದೊರೆಯಿತು, ಮೆಲ್ಲಗೆ ಕೇಳಿದ ಊರಿಗೆ ದೊರೆಯಲಿಲ್ಲ. ಪ್ರಭಾವಶಾಲಿಗಳ ಮನೆಯ ಮುಂದೆ ರಸ್ತೆ ತಿರುಗಿದಂತೆ ಬಸ್ಸೂ ತಿರುಗಿದ ಉದಾಹರಣೆಗಳು ಯಾವ ಜಿಲ್ಲೆಯಲ್ಲಿಯೂ ಸಿಕ್ಕಬಹುದು. ಆದುದರಿಂದ ಹಳೆಯದೆಲ್ಲ ಒಳ್ಳೆಯದು, ಯಂತ್ರದ್ದೆಲ್ಲ ಕೆಟ್ಟದ್ದು ಎಂದು ತೀರ್ಪು ಕೊಡುವುದು ಸುಲಭ, ಸತ್ಯವಲ್ಲ.

ಯಂತ್ರದ ಗುಣವನ್ನು ಮೊದಲು ಒಪ್ಪಿಕೊಳ್ಳಬೇಕು. ಇಂತಿಷ್ಟು ಊರುಗಳಿಗೆ ಇಂತಿಷ್ಟು ಹೊತ್ತಿಗೆ ಹೋಗಿ ಬರಲು ಕಡಮೆಯೆಂದರೆ ಎಷ್ಟು ಬಸ್ಸುಗಳು ಬೇಕು? ಧಾರವಾಡಕ್ಕೆ ಬಂದ ಹಳಿಯಾಳದ ಬಸ್ಸು ಅಲ್ಲಿ ಬರಿದೆ ನಿಲ್ಲುವ ಬದಲು ಇನ್ನೊಂದು ಊರಿಗೆ ಹೋಗಿ ಬರಬಹುದೆ? ಇದು ನೋಡುವುದಕ್ಕೆ ಸಣ್ಣ ಲೆಕ್ಕ. ಬಸ್ಸುಗಳ ಸಂಖ್ಯೆ ನೂರಾದರೆ ಮನುಷ್ಯನ ತಲೆಗೆ ನಿಲುಕದಷ್ಟು ದೊಡ್ಡದು. ೧೯೫೪ರಲ್ಲಿ ಜಾರ್ಜ್ ಡಾಂಟ್ಸಿಗ್ ಮತ್ತು ಫುಲ್ಕರ್‌ಸನ್ ಎಂಬ ಅಮೆರಿಕದ ಗಣಿತಜ್ಞರು, ಗೊತ್ತುಪಡಿಸಿದ ವೇಳೆಗಳಲ್ಲಿ ತೈಲವನ್ನು ಸಾಗಿಸಲು ಎಷ್ಟು ಕಡಮೆ ಹಡಗುಗಳು ಸಾಕೆಂಬ ಸಮಸ್ಯೆಗೆ ಕ್ರಮಬದ್ಧವಾದ ಪರಿಹಾರವನ್ನು ತೋರಿಸಿದರು. ಇಂದಿನ ಸಾರಿಗೆಯ ತಂತ್ರಾಂಶಗಳು ಆ ಮನೆತನದ ಮಕ್ಕಳು. ಅವು ಬರಿದಾಗಿ ಓಡುವ ಮೈಲಿಗಳನ್ನು ಕಡಮೆಮಾಡಿ ಎಣ್ಣೆಯನ್ನು ಉಳಿಸುತ್ತವೆ. ಚಾಲಕರ ದುಡಿಮೆಯನ್ನು ಸಮವಾಗಿ ಹಂಚುತ್ತವೆ. ಶಿಫಾರಸಿಗೆ ಸೊಪ್ಪು ಹಾಕುವುದಿಲ್ಲ. ಉಳಿದ ಬಸ್ಸು ಮತ್ತೊಂದು ಊರಿಗೆ ಹೋಗಬಲ್ಲದಾದ್ದರಿಂದ, ದಕ್ಷತೆಯೂ ಒಂದು ಬಗೆಯ ಪರೋಪಕಾರವೇ ಸರಿ.

ತೊಡಕು ಹುಟ್ಟುವುದು ಲೆಕ್ಕವನ್ನು ಬಿಡಿಸುವಲ್ಲಿ ಅಲ್ಲ, ಲೆಕ್ಕಕ್ಕೆ ಅಂಕಿಗಳನ್ನು ಒದಗಿಸುವಲ್ಲಿ. ಇಂದು ನಿರ್ವಾಹಕನ ಕೈಯಲ್ಲಿ ವಿದ್ಯುನ್ಮಾನ ಟಿಕೀಟು ಯಂತ್ರವಿದೆ. ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತಿಗೆ, ಎಷ್ಟು ಹಣಕ್ಕೆ ಎಂಬುದೆಲ್ಲ ಅದರಲ್ಲಿ ದಾಖಲೆಯಾಗುತ್ತದೆ. ಈ ದಾಖಲೆಯನ್ನೇ ಜನರ ಬೇಡಿಕೆಯೆಂದು ತಿಳಿದು ಮುಂದಿನ ವೇಳಾಪಟ್ಟಿಯನ್ನು ರಚಿಸುವಂತೆ ತಂತ್ರಾಂಶಕ್ಕೆ ಹೇಳಿದರೆ ಏನಾಗುತ್ತದೆಂಬುದನ್ನು ಒಂದು ಕಲ್ಪಿತ ನಿದರ್ಶನದಿಂದ ತಿಳಿಯಬಹುದು.

ಜೋಯಿಡಾ ತಾಲೂಕಿನ ಒಂದು ಹಳ್ಳಿಯಿಂದ ಬೆಳಗಿನ ಬಸ್ಸಿಗೆ ೨೦ ಜನ ಹತ್ತುತ್ತಾರೆಂದು ಇಟ್ಟುಕೊಳ್ಳಬಹುದು. ಅವರಲ್ಲಿ ೧೨ ಜನ ಕೆಲಸ ಮುಗಿಸಿಕೊಂಡು ಮಧ್ಯಾಹ್ನದ ಬಸ್ಸಿಗೆ ಮರಳುತ್ತಾರೆ. ಕಾಲೇಜಿನ ಹುಡುಗ ಹುಡುಗಿಯರು, ಅಂಗಡಿಯಲ್ಲಿ ದುಡಿಯುವವರು, ಒಟ್ಟು ೮ ಜನ, ಸಂಜೆಯ ಬಸ್ಸಿಗೆ ಮರಳುತ್ತಾರೆ. ೮ ಜನರಿಗಾಗಿ ಸಂಜೆಯ ಬಸ್ಸು ನಷ್ಟವೆಂದು ಲೆಕ್ಕ ಹೇಳುತ್ತದೆ, ಅದನ್ನು ನಿಲ್ಲಿಸಲಾಗುತ್ತದೆ. ಮರಳಿ ಬರುವ ದಾರಿಯಿಲ್ಲದ ಮೇಲೆ ಆ ೮ ಜನ ಬೆಳಗ್ಗೆಯೂ ಹೋಗುವುದಿಲ್ಲ. ಬೆಳಗಿನ ಬಸ್ಸಿಗೆ ೧೨ ಜನ ಉಳಿಯುತ್ತಾರೆ. ಮರುವರ್ಷದ ಲೆಕ್ಕದಲ್ಲಿ ಅದೂ ನಷ್ಟದ ಬಸ್ಸಾಗುತ್ತದೆ. ಅದನ್ನೂ ನಿಲ್ಲಿಸಲಾಗುತ್ತದೆ. ಮೂರನೆಯ ವರ್ಷದ ವರದಿಯಲ್ಲಿ ಆ ಹಳ್ಳಿಯ ಹೆಸರಿನ ಮುಂದೆ ಬೇಡಿಕೆ ಸೊನ್ನೆಯೆಂದು ಬರೆದಿರುತ್ತದೆ. ಎಲ್ಲಿಯೂ ಕೂಡಿಸಿದ್ದು ತಪ್ಪಲಿಲ್ಲ, ಕಳೆದದ್ದು ತಪ್ಪಲಿಲ್ಲ. ಯಾವ ಅಧಿಕಾರಿಯೂ ಆ ಹಳ್ಳಿಗೆ ಬಸ್ಸು ಬೇಡವೆಂದು ತೀರ್ಮಾನಿಸಲಿಲ್ಲ. ಆದರೂ ಒಬ್ಬ ಹುಡುಗಿಯ ಓದು ನಿಂತಿತು. ಇದರ ಹೊಣೆಯನ್ನು ಯಾರ ತಲೆಗೂ ಕಟ್ಟಲಾಗದೆ ಹೋಗುವುದೇ ಈ ವ್ಯವಸ್ಥೆಯಲ್ಲಿ ಎಲ್ಲಕ್ಕಿಂತ ಭಯಪಡಬೇಕಾದ ಅಂಶ.

ಇಂಥ ಭ್ರಾಂತಿಯನ್ನು ಸಂಖ್ಯಾಶಾಸ್ತ್ರಜ್ಞರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಎರಡನೆಯ ಮಹಾಯುದ್ಧದ ನಡುವೆ, ೧೯೪೩ರಲ್ಲಿ, ಕೊಲಂಬಿಯಾ ವಿಶ್ವವಿದ್ಯಾನಿಲಯದ ತಂಡದಲ್ಲಿದ್ದ ಅಬ್ರಹಾಂ ವಾಲ್ಡ್ ಎಂಬವರು ಯುದ್ಧವಿಮಾನಗಳಿಗೆ ತಗುಲಿದ ಪೆಟ್ಟುಗಳನ್ನು ಕುರಿತು ವಿಚಾರಮಾಡಿದರು. ಲೆಕ್ಕಕ್ಕೆ ಸಿಕ್ಕುವುದು ಹಿಂದಿರುಗಿದ ವಿಮಾನಗಳ ಮೈಮೇಲಿನ ಗಾಯಗಳು ಮಾತ್ರ. ತಿಳಿಯಬೇಕಾದದ್ದು ಹಿಂದಿರುಗದ ವಿಮಾನಗಳಿಗೆ ಎಲ್ಲಿ ಪೆಟ್ಟುಬಿದ್ದಿತು ಎಂಬುದು. ಕಂಡದ್ದರಿಂದ ಕಾಣದ್ದನ್ನು ಅಳೆಯುವ ವಿಧಾನವನ್ನು ಅವರು ರೂಪಿಸಿದರು. ಭಾರತಕ್ಕೆ ಉಪನ್ಯಾಸಗಳಿಗಾಗಿ ಬಂದಿದ್ದ ಆ ವಿದ್ವಾಂಸರು ೧೯೫೦ರ ಡಿಸೆಂಬರಿನಲ್ಲಿ ನೀಲಗಿರಿಯಲ್ಲಿ ನಡೆದ ವಿಮಾನದ ಅಪಘಾತದಲ್ಲಿಯೇ ತೀರಿಕೊಂಡದ್ದು ವಿಧಿಯ ವೈಚಿತ್ರ್ಯ. ಅವರ ಪಾಠ ಬಸ್ಸಿಗೂ ಸಲ್ಲುತ್ತದೆ. ಟಿಕೀಟಿನ ದಾಖಲೆಯೆಂದರೆ ಹತ್ತಿದವರ ದಾಖಲೆ. ಹತ್ತಲಾರದೆ ಹೋದವರ ವಿಷಯದಲ್ಲಿ ಅದು ಮೌನ. ಮೌನವನ್ನು ಸೊನ್ನೆಯೆಂದು ಓದುವುದು ಗಣಿತದಲ್ಲಿಯೂ ತಪ್ಪು, ನೀತಿಯಲ್ಲಿಯೂ ತಪ್ಪು.

ಇಲ್ಲಿ ಒಂದು ಆಕ್ಷೇಪಣೆ ಹುಟ್ಟಬಹುದು. ಬಸ್ಸು ನೀರಿನ ಮೇಲೆ ಓಡುವುದಿಲ್ಲ. ಎಣ್ಣೆಗೆ, ಟಯರಿಗೆ, ಸಂಬಳಕ್ಕೆ ಹಣ ಬೇಕು. ನಾಲ್ಕು ಜನರನ್ನು ಕೂಡಿಸಿಕೊಂಡು ಕಾಡಿನ ರಸ್ತೆಯಲ್ಲಿ ಓಡುವ ಬಸ್ಸಿನ ನಷ್ಟವನ್ನು ಹುಬ್ಬಳ್ಳಿಯ ಬಸ್ಸಿನಲ್ಲಿ ನಿಂತುಕೊಂಡು ಹೋಗುವ ಕೂಲಿಯವನು ತುಂಬಿಕೊಡಬೇಕೆ? ಕಾಣದ ಪ್ರಯಾಣಿಕನ ಹೆಸರಿನಲ್ಲಿ ಕಾಣುವ ಪ್ರಯಾಣಿಕನಿಗೆ ಅನ್ಯಾಯಮಾಡುವುದು ಯಾವ ಧರ್ಮ? ಇದು ತಳ್ಳಿಹಾಕತಕ್ಕ ಮಾತಲ್ಲ. ಸಂಸ್ಥೆ ದಿವಾಳಿಯಾದರೆ ಮೊದಲು ನಿಲ್ಲುವುದು ಕೊನೆಯ ಹಳ್ಳಿಯ ಬಸ್ಸೇ. ಆದುದರಿಂದ ವೆಚ್ಚವನ್ನು ಲೆಕ್ಕಿಸಬಾರದೆಂದು ಯಾರೂ ಹೇಳಲಾರರು. ಯಾವುದನ್ನು ವೆಚ್ಚದ ತಕ್ಕಡಿಯಲ್ಲಿ ಇಡಬಹುದು, ಯಾವುದನ್ನು ಇಡಕೂಡದು ಎಂಬುದು ಮಾತ್ರ ಪ್ರಶ್ನೆ. ಇದಕ್ಕೆ ಉತ್ತರವನ್ನು ಹುಡುಕಲು ತಂತ್ರಾಂಶವನ್ನು ಕಟ್ಟುವ ಕ್ರಮವೇ ಸಹಾಯಮಾಡುತ್ತದೆ.

ಯೋಜನೆಯ ತಂತ್ರಾಂಶವನ್ನು ರಚಿಸುವವರು ಯಂತ್ರಕ್ಕೆ ಎರಡು ಬಗೆಯ ಮಾತುಗಳನ್ನು ಹೇಳಬೇಕಾಗುತ್ತದೆ. ಮೊದಲನೆಯದು ಗುರಿ: ವೆಚ್ಚವನ್ನು ಆದಷ್ಟು ಇಳಿಸು, ಕಾಯುವ ಹೊತ್ತನ್ನು ಆದಷ್ಟು ಇಳಿಸು ಎಂಬಂಥದು. ಎರಡನೆಯದು ನಿರ್ಬಂಧ: ಏನೇ ಆದರೂ ಈ ಗೆರೆಯನ್ನು ದಾಟಬೇಡ ಎಂಬಂಥದು. ಗುರಿಯಲ್ಲಿ ಸೇರಿಸಿದ್ದಕ್ಕೆಲ್ಲ ಬೆಲೆಯುಂಟು. ಹೆಚ್ಚಿನ ಲಾಭ ದೊರೆಯುವುದಾದರೆ ಯಂತ್ರ ಅದನ್ನು ಮಾರಿಬಿಡುತ್ತದೆ. ನಿರ್ಬಂಧದಲ್ಲಿ ಸೇರಿಸಿದ್ದಕ್ಕೆ ಬೆಲೆಯಿಲ್ಲ. ಎಷ್ಟು ಲಾಭ ತೋರಿಸಿದರೂ ಯಂತ್ರ ಅದನ್ನು ಮುಟ್ಟುವುದಿಲ್ಲ. ಚಾಲಕನ ದುಡಿಮೆಯ ಹೊತ್ತು ಇದಕ್ಕೆ ನಿದರ್ಶನ. ೧೯೬೧ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ಸಾಮಾನ್ಯವಾಗಿ ದಿನಕ್ಕೆ ೮ ಗಂಟೆ, ವಾರಕ್ಕೆ ೪೮ ಗಂಟೆ ಎಂಬ ಮಿತಿಯನ್ನು ಹಾಕಿತ್ತು. ಚಾಲಕನನ್ನು ನಿದ್ದೆಯಿಲ್ಲದೆ ದುಡಿಸಿದರೆ ಎಷ್ಟು ಉಳಿತಾಯವಾದೀತೆಂದು ಸಭ್ಯವಾದ ಯಾವ ತಂತ್ರಾಂಶವೂ ಲೆಕ್ಕಹಾಕುವುದಿಲ್ಲ. ಆ ಪ್ರಶ್ನೆಯನ್ನು ಕೇಳಕೂಡದೆಂದು ಮನುಷ್ಯರು ಮೊದಲೇ ನಿಶ್ಚಯಿಸಿದ್ದಾರೆ.

ಪುರುಷಾರ್ಥಗಳನ್ನು ವಿಚಾರಮಾಡಿದ ಹಿಂದಿನವರು ಅರ್ಥವನ್ನು ನಿಂದಿಸಲಿಲ್ಲ. ಧರ್ಮಕ್ಕೆ ವಿರೋಧವಾಗದಂತೆ ಅದನ್ನು ಸಂಪಾದಿಸಬೇಕೆಂದರು. ಧರ್ಮವನ್ನು ಅರ್ಥದ ಪಕ್ಕದಲ್ಲಿ ಇನ್ನೊಂದು ಸರಕಿನಂತೆ ಇಟ್ಟು, ಇದು ಇಷ್ಟು ಅದು ಅಷ್ಟು ಎಂದು ತೂಗಲಿಲ್ಲ. ಅರ್ಥವು ಚಲಿಸತಕ್ಕ ಹೊಲಕ್ಕೆ ಧರ್ಮವನ್ನು ಬದುವಾಗಿ ಹಾಕಿದರು. ಗಣಿತದ ಭಾಷೆಯಲ್ಲಿ ಹೇಳುವುದಾದರೆ ಧರ್ಮವು ಗುರಿಯ ಒಂದು ಭಾಗವಲ್ಲ, ನಿರ್ಬಂಧ. ಜನರು ವಾಸಿಸುವ, ಬಸ್ಸು ಹೋಗಬಲ್ಲ ರಸ್ತೆಯಿರುವ ಯಾವ ಊರಿಗಾದರೂ ದಿನಕ್ಕೆ ಒಮ್ಮೆ ಹೋಗುವ, ಅದೇ ದಿನ ಮರಳಿ ಬರುವ ಅನುಕೂಲವಿರಲೇಬೇಕೆಂಬ ಮಾತನ್ನು ತಂತ್ರಾಂಶದ ಗುರಿಯಲ್ಲಿ ಸೇರಿಸಿದರೆ ಅದು ಕರುಣೆಯಾಗುತ್ತದೆ. ಕರುಣೆಗೆ ಬೆಲೆ ಕಟ್ಟಿ ಅದನ್ನು ಕಡಿಯಬಹುದು. ನಿರ್ಬಂಧದಲ್ಲಿ ಸೇರಿಸಿದರೆ ಅದು ಋಣವಾಗುತ್ತದೆ. ಮೇಲೆ ಹೇಳಿದ ಎರಡು ಕಲಮುಗಳ ಸಮನ್ವಯವೂ ಇದರಿಂದ ಸಾಧ್ಯ. ಸಾಕಷ್ಟು ಸಾರಿಗೆಯೆಂಬುದು ಬದು. ವ್ಯಾಪಾರದ ತತ್ತ್ವವೆಂಬುದು ಬದುವಿನ ಒಳಗಿನ ಬೇಸಾಯ.

ಮತ್ತೆ ಪೂರ್ವಪಕ್ಷ ಕೇಳಬಹುದು: ಇರುವ ಬಸ್ಸುಗಳಿಂದ ಎಲ್ಲ ನಿರ್ಬಂಧಗಳನ್ನೂ ಪಾಲಿಸಲು ಸಾಧ್ಯವಾಗದಿದ್ದರೆ? ಹಾಗಾದಾಗ ಯಂತ್ರವು ಪರಿಹಾರವಿಲ್ಲವೆಂದು ಹೇಳಿ ನಿಲ್ಲುತ್ತದೆ. ಇದನ್ನು ಯಂತ್ರದ ಸೋಲೆಂದು ತಿಳಿಯುವವರುಂಟು. ಆದರೆ ಅದು ಪ್ರಾಮಾಣಿಕವಾದ ಮಾತು. ಕೊಟ್ಟ ಬಸ್ಸುಗಳಿಂದ ಒಪ್ಪಿಕೊಂಡ ಕರ್ತವ್ಯ ನೆರವೇರುವುದಿಲ್ಲವೆಂಬ ಸತ್ಯವನ್ನು ಅದು ಬಯಲಿಗಿಡುತ್ತದೆ. ಆ ಮೇಲೆ ಒಂದು ಊರನ್ನು ಬಿಡಬೇಕಾಗಿ ಬಂದರೆ, ಬಿಡುವವರು ತಮ್ಮ ಹೆಸರಿನಲ್ಲಿ, ಕಾರಣವನ್ನು ಬರೆದು, ಆ ಊರಿಗೆ ತಿಳಿಸಿ ಬಿಡಬೇಕು. ಕೊರತೆಯನ್ನು ತುಂಬುವ ಭಾರ ಸರಕಾರದ್ದೋ ಸಂಸ್ಥೆಯದೋ ಎಂಬ ಚರ್ಚೆ ಆಗ ಆರಂಭವಾಗಬಹುದು. ಬಿಟ್ಟ ಊರು ಅಂಕಿಗಳ ರಾಶಿಯಲ್ಲಿ ಸದ್ದಿಲ್ಲದೆ ಕರಗಿಹೋದರೆ ಚರ್ಚೆಗೆ ಅವಕಾಶವೇ ಇಲ್ಲ.

ನಿರ್ಬಂಧಗಳನ್ನು ಯಾರು ಗೊತ್ತುಮಾಡಬೇಕೆಂಬುದು ಮುಂದಿನ ಪ್ರಶ್ನೆ. ಅಮೆರಿಕದ ಬಾಸ್ಟನ್ ನಗರದ ಸಾರ್ವಜನಿಕ ಶಾಲೆಗಳ ಅನುಭವ ಇಲ್ಲಿ ಗಮನಾರ್ಹವಾದದ್ದು. ೨೦೧೭ರಲ್ಲಿ ಮ್ಯಾಸಚೂಸೆಟ್ಸ್ ತಂತ್ರವಿದ್ಯಾ ಸಂಸ್ಥೆಯ ಸಂಶೋಧಕರು ರಚಿಸಿದ ತಂತ್ರಾಂಶದಿಂದ ಅಲ್ಲಿಯ ಶಾಲಾ ಬಸ್ಸುಗಳ ಮಾರ್ಗಗಳನ್ನು ಹೊಸದಾಗಿ ಏರ್ಪಡಿಸಲಾಯಿತು. ಸುಮಾರು ೫೦ ಬಸ್ಸುಗಳು ಉಳಿದವು. ಜನ ಅದನ್ನು ಒಪ್ಪಿಕೊಂಡರು. ಅದೇ ವರ್ಷದ ಡಿಸೆಂಬರಿನಲ್ಲಿ ಶಾಲೆಗಳು ಆ ಮೇಲ್ಪಂಕ್ತಿಯಲ್ಲಿಯೇ ತಮ್ಮ ವೇಳೆಗಳನ್ನೂ ಬದಲಿಸುವ ಯೋಜನೆಯನ್ನು ಪ್ರಕಟಿಸಿದವು. ಅದರ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಬೆಳೆದ ಹುಡುಗರಿಗೆ ಬೆಳಗಿನ ನಿದ್ದೆ ದೊರೆಯಲಿ, ಅನುಕೂಲ ಅನನುಕೂಲಗಳು ಬಡವ ಬಲ್ಲಿದರ ಕೇರಿಗಳಿಗೆ ಸಮನಾಗಿ ಹಂಚಲಿ ಎಂಬ ಸದಾಶಯವೇ ಇತ್ತು. ಆದರೆ ಅನೇಕ ಚಿಕ್ಕಮಕ್ಕಳ ಶಾಲೆಗಳು ಬಹಳ ಬೇಗ ಆರಂಭವಾಗಿ ಬಹಳ ಬೇಗ ಮುಗಿಯುವಂತಾಯಿತು. ದುಡಿಯುವ ತಾಯಿತಂದೆಗಳು ಸಿಟ್ಟಿಗೆದ್ದರು, ಯೋಜನೆಯನ್ನು ಕೈಬಿಡಬೇಕಾಯಿತು. ಮಗುವನ್ನು ಮಧ್ಯಾಹ್ನ ಮನೆಗೆ ಬರಮಾಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ಲೆಕ್ಕದಲ್ಲಿ ತಕ್ಕ ಸ್ಥಾನವನ್ನು ಪಡೆದಿರಲಿಲ್ಲ. ಒಳ್ಳೆಯ ಉದ್ದೇಶವೂ ಒಳ್ಳೆಯ ಗಣಿತವೂ ಕೂಡಿದರೂ, ಅನುಭವಿಸುವವರ ಮಾತನ್ನು ಮೊದಲು ಕೇಳುವ ಕೆಲಸಕ್ಕೆ ಅವು ಬದಲಿಯಾಗಲಾರವೆಂಬುದು ಇದರ ತಾತ್ಪರ್ಯ.

ಕೇಳುವುದೆಂದರೆ ಯಾರನ್ನು, ಎಲ್ಲಿ? ಹಳಿಯಾಳ ದಾಂಡೇಲಿಗಳ ಬಸ್ ಘಟಕಗಳು ಧಾರವಾಡ ವಿಭಾಗಕ್ಕೆ ಸೇರಿವೆ. ಅದೇ ತಾಲೂಕುಗಳ ಕಂದಾಯದ ಆಡಳಿತ ಕಾರವಾರಕ್ಕೆ ಸೇರಿದೆ. ಜಿಲ್ಲೆಯ ನಕ್ಷೆ ಬೇರೆ, ಸಾರಿಗೆಯ ನಕ್ಷೆ ಬೇರೆ, ಜನರ ಓಡಾಟದ ನಕ್ಷೆ ಮೂರನೆಯದು. ಸೂಪಾ ಜಲಾಶಯದ ಹಿನ್ನೀರಿನ ಎರಡು ದಡಗಳ ನಡುವಣ ದೂರವನ್ನು ನಕ್ಷೆಯ ಮೇಲೆ ದಾರ ಹಿಡಿದು ಅಳೆದರೆ ಒಂದು ಬೆರಳಗಲ. ರಸ್ತೆಯಲ್ಲಿ ಸುತ್ತಿ ಬರುವವನಿಗೆ ಅದು ಬೇರೆಯೇ ದೂರ. ಮಳೆಗಾಲದಲ್ಲಿ ಹಳ್ಳ ಏರಿದರೆ, ಘಟ್ಟದಲ್ಲಿ ಮಣ್ಣು ಕುಸಿದರೆ, ಬೇಸಗೆಯ ವೇಳಾಪಟ್ಟಿ ಕಾಗದದ ಮೇಲೆ ಮಾತ್ರ ಓಡುತ್ತದೆ. ಉಳವಿಯ ಚೆನ್ನಬಸವೇಶ್ವರನ ಜಾತ್ರೆ ಭಾರತ ಹುಣ್ಣಿಮೆಯ ಆಸುಪಾಸಿನಲ್ಲಿ ನಡೆಯುತ್ತದೆ. ದೂರದೂರದಿಂದ ಚಕ್ಕಡಿ ಹೂಡಿಕೊಂಡು ಬರುವವರ ಜೊತೆಗೆ ಬಸ್ಸು ಹತ್ತಿ ಬರುವವರೂ ಅಸಂಖ್ಯರು. ಹಿಂದಿನ ವರ್ಷದ ಅದೇ ತಾರೀಖನ್ನು ನೋಡಿ ಬಸ್ಸುಗಳನ್ನು ಏರ್ಪಡಿಸುವ ತಂತ್ರಾಂಶವು ಜಾತ್ರೆ ಮುಗಿದ ಮೇಲೆ ಬಸ್ಸುಗಳನ್ನು ಕಳಿಸೀತು. ಮುಂಡಗೋಡದ ಟಿಬೆಟಿಯನ್ನರ ಹೊಸವರ್ಷವಾದ ಲೋಸಾರಕ್ಕೂ ಚಂದ್ರನೇ ಗಣಕ. ಈ ಸೀಮೆಗಾಗಿ ಕಟ್ಟುವ ತಂತ್ರಾಂಶಕ್ಕೆ ಕ್ಯಾಲೆಂಡರಿನಷ್ಟೇ ಪಂಚಾಂಗವೂ ತಿಳಿದಿರಬೇಕು.

ಕಾಣದ್ದನ್ನು ಕಾಣಿಸಲು ಒಂದು ಅಂಕಣವನ್ನು ಸೇರಿಸುವುದೇ ಎಷ್ಟೋ ಸಲ ಸಾಕಾಗುತ್ತದೆ. ಅಮೆರಿಕದ ಪೋರ್ಟ್‌ಲಂಡ್ ನಗರದ ಸಾರಿಗೆಯವರೂ ಗೂಗಲ್ ಸಂಸ್ಥೆಯವರೂ ೨೦೦೫ರ ಸುಮಾರಿಗೆ ಕೂಡಿ ರೂಪಿಸಿದ ವೇಳಾಪಟ್ಟಿಯ ನಮೂನೆಯೊಂದು ಇಂದು ಲೋಕದಲ್ಲೆಲ್ಲ ಬಳಕೆಯಲ್ಲಿದೆ. ಪ್ರತಿಯೊಂದು ನಿಲ್ದಾಣಕ್ಕೂ ಒಂದು ಹೆಸರು, ಭೂಪಟದ ಮೇಲೆ ಒಂದು ಬಿಂದು ಇರಬೇಕೆಂಬುದು ಅದರ ನಿಯಮ. ಕಾಡುರಸ್ತೆಯಲ್ಲಿ ಕೈ ತೋರಿಸಿದಲ್ಲಿ ನಿಲ್ಲುವ ಬಸ್ಸಿಗೆ ಮೊದಲು ಅದರಲ್ಲಿ ಎಡೆಯಿರಲಿಲ್ಲ. ಅಂಥ ಬಸ್ಸುಗಳೂ ಲೋಕದಲ್ಲಿವೆಯೆಂಬುದನ್ನು ಮನಗಂಡ ಮೇಲೆ ಅದಕ್ಕಾಗಿಯೇ ಬೇರೆ ಅಂಕಣವನ್ನು ಕೂಡಿಸಿದರು. ಹೀಗೆಯೇ ನಿರ್ವಾಹಕನ ಯಂತ್ರದಲ್ಲಿ ಇನ್ನೊಂದು ಗುಂಡಿಯನ್ನು ಇಡಬಹುದು: ಸ್ಥಳವಿಲ್ಲದೆ ಬಿಟ್ಟುಬಂದವರು ಎಷ್ಟು ಜನ? ಶಾಲೆಯ ಹಾಜರಿಪಟ್ಟಿ, ಆಸ್ಪತ್ರೆಗೆ ಬಂದವರ ಊರುಗಳ ಪಟ್ಟಿ, ಗ್ರಾಮಸಭೆಯ ನಡವಳಿಗಳು, ಇವುಗಳಲ್ಲಿ ಟಿಕೀಟಿಲ್ಲದ ಪ್ರಯಾಣಿಕನ ಹೆಜ್ಜೆಯ ಗುರುತುಗಳಿವೆ. ಹುಡುಕುವವರಿಗೆ ಅವು ಸಿಕ್ಕುತ್ತವೆ.

ಹಣ ಬಾರದ ಪ್ರಯಾಣವನ್ನೂ ಎಣಿಸಬಹುದೆಂಬುದನ್ನು ಈಚೆಗೆ ಕರ್ನಾಟಕವೇ ತೋರಿಸಿಕೊಟ್ಟಿದೆ. ೨೦೨೩ರ ಜೂನ್ ೧೧ ರಂದು ಆರಂಭವಾದ ಶಕ್ತಿ ಯೋಜನೆಯ ಪ್ರಕಾರ, ರಾಜ್ಯದ ನಿವಾಸಿಗಳಾದ ಸ್ತ್ರೀಯರು ಸರಕಾರಿ ಸಂಸ್ಥೆಗಳ ಸಾಮಾನ್ಯ ಬಸ್ಸುಗಳಲ್ಲಿ ಹಣವಿಲ್ಲದೆ ಪ್ರಯಾಣ ಮಾಡಬಹುದು. ಆದರೆ ಟಿಕೀಟಿಲ್ಲದೆ ಅಲ್ಲ. ನಿರ್ವಾಹಕನು ಅವರಿಗೆ ಶೂನ್ಯ ದರದ ಟಿಕೀಟನ್ನು ಕೊಡುತ್ತಾನೆ; ಆ ಸೊನ್ನೆಗಳನ್ನು ಎಣಿಸಿ ಸರಕಾರ ಸಂಸ್ಥೆಗಳಿಗೆ ಹಣವನ್ನು ತುಂಬಿಕೊಡಬೇಕಾಗುತ್ತದೆ. ಯೋಜನೆಯ ಗುಣಾವಗುಣಗಳನ್ನು ಕುರಿತು ಬೇರೆ ಬೇರೆ ಅಭಿಪ್ರಾಯಗಳಿರಬಹುದು. ಆದರೂ ಆ ಸೊನ್ನೆಯ ಟಿಕೀಟಿನಲ್ಲಿ ಒಂದು ತತ್ತ್ವವಿದೆ: ಕೊಟ್ಟ ಹಣ ಸೊನ್ನೆಯಾದ ಮಾತ್ರಕ್ಕೆ ಪ್ರಯಾಣ ಸೊನ್ನೆಯಲ್ಲ, ಪ್ರಯಾಣಿಕಳೂ ಸೊನ್ನೆಯಲ್ಲ. ಆದರೆ ಸೊನ್ನೆಯ ಟಿಕೀಟನ್ನು ಪಡೆಯಲು ಕೂಡ ಬಸ್ಸು ಬರಬೇಕು. ಬಸ್ಸು ಬಾರದ ಊರಿನ ಹೆಂಗಸಿಗೆ ಆ ಸೊನ್ನೆಯೂ ಇಲ್ಲ. ಲೆಕ್ಕದ ಕೈಯನ್ನು ಇನ್ನೂ ಒಂದು ಗೇಣು ಮುಂದೆ ಚಾಚಬೇಕಾಗಿದೆ.

ಕೊನೆಯದಾಗಿ ಹೊಣೆಯ ಮಾತು. ಅನ್ಯಾಯವಾಯಿತೆಂದು ಅರ್ಜಿ ಹಿಡಿದು ಬಂದವನಿಗೆ ಗಣಕಯಂತ್ರ ಹೀಗೆಯೇ ತೋರಿಸುತ್ತದೆ ಎಂದು ಉತ್ತರ ಕೊಡುವುದು ಇಂದು ಎಲ್ಲ ಕಚೇರಿಗಳಲ್ಲಿಯೂ ಸುಲಭವಾಗಿದೆ. ಆ ಉತ್ತರಕ್ಕೆ ಅರ್ಥವಿಲ್ಲ. ಹೇಳಿದ್ದನ್ನು ಮಾಡುವುದು ಯಂತ್ರದ ಸ್ವಭಾವ, ಹೇಳಿದವರು ಮನುಷ್ಯರು. ಅದನ್ನು ಕಟ್ಟಿದವನು, ಕಟ್ಟಿಸಿದವನು, ಅದರ ತೀರ್ಪಿಗೆ ರುಜು ಹಾಕಿದವನು, ಈ ಮೂವರೂ ಆ ತೀರ್ಪಿನ ಪಾಲುದಾರರು. ತಂತ್ರಾಂಶವನ್ನು ಕಟ್ಟುವ ತರುಣರು ಒಂದು ದಿನವಾದರೂ ಹಳಿಯಾಳದ ನಿಲ್ದಾಣದಲ್ಲಿ ಸಂಜೆಯವರೆಗೆ ಕುಳಿತು, ಕತ್ತಲಾದ ಮೇಲೆ ವಸ್ತಿ ಬಸ್ಸನ್ನು ಹತ್ತಿ, ಅದು ನಿಲ್ಲುವ ಕೊನೆಯ ಊರಿನವರೆಗೆ ಹೋಗಿ ಬರುವುದು ಅವರ ವಿದ್ಯೆಯ ಒಂದು ಅಂಗವಾಗಬೇಕು. ಅಲ್ಲಿ ಬಸ್ಸಿನಿಂದ ಇಳಿಯುವವರನ್ನು ಅವರು ಎಣಿಸಬಹುದು. ಅಲ್ಲಿಂದ ಮುಂದೆ ಟಾರ್ಚು ಹಿಡಿದುಕೊಂಡು ಕಾಲುದಾರಿಯಲ್ಲಿ ಇನ್ನೂ ಎಷ್ಟು ದೂರ ನಡೆಯಬೇಕೆಂಬುದನ್ನು ಅವರನ್ನೇ ಕೇಳಬಹುದು.

ಬಸ್ಸಿನಲ್ಲಿ ಕುಳಿತು ಹಣ ಕೊಡದವನನ್ನು ಹಿಡಿಯಲು ಸಂಸ್ಥೆಗಳು ತನಿಖೆಯ ಅಧಿಕಾರಿಗಳನ್ನು ಇಟ್ಟಿವೆ; ಅದು ಸರಿಯಾದದ್ದೇ. ಬಸ್ಸಿಲ್ಲದೆ ಹಿಂದಿರುಗಿದವನನ್ನು ಹುಡುಕಲು ಯಾರನ್ನು ಇಡಲಾಗಿದೆ? ಸಾರಿಗೆಯ ತಂತ್ರಾಂಶವನ್ನು ಯೋಜಿಸುವವರು ಈ ಒಂದು ಪ್ರಶ್ನೆಯನ್ನು ಕಾಗದದ ತಲೆಯಲ್ಲಿ ಬರೆದುಕೊಂಡು ಕೆಲಸವನ್ನು ಆರಂಭಿಸಿದರೆ, ಜೋಯಿಡಾದ ಯಾವುದೋ ತಿರುವಿನಲ್ಲಿ ಬೆಳಗಿನ ಮಂಜಿನಲ್ಲಿ ಕಾದು ನಿಂತವರಿಗೆ ಸಲ್ಲಬೇಕಾದ ಸಾಲದ ಮೊದಲನೆಯ ಕಂತು ಸಂದಂತಾಗುತ್ತದೆ.